ಒತ್ತಡಪಾತ್ರೆಯ ಪರೀಕ್ಷೆ: ಏರಿಸಿದ ಒತ್ತಡವನ್ನು ಇಳಿಸುವ ಬಗೆ

ಔಷಧ ಕಾರ್ಖಾನೆಯ ರಿಯಾಕ್ಟರ್, ಸಕ್ಕರೆ ಕಾರ್ಖಾನೆಯ ಬಾಯ್ಲರ್ ಡ್ರಮ್, ಕಂಪ್ರೆಸರ್ ಪಕ್ಕದ ಏರ್ ರಿಸೀವರ್, ಗ್ಯಾಸ್ ಡಿಪೋದಲ್ಲಿ ಉದ್ದಕ್ಕೆ ಮಲಗಿರುವ ಎಲ್‌ಪಿಜಿ ಬುಲೆಟ್ ಇವೆಲ್ಲ ಒಂದೇ ಜಾತಿಗೆ ಸೇರಿದವು. ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡವನ್ನು ಒಡಲಲ್ಲಿ ಹಿಡಿದಿಡಬೇಕಾದ ಇಂಥ ಉಪಕರಣಗಳನ್ನು ಒತ್ತಡಪಾತ್ರೆ ಎನ್ನುತ್ತಾರೆ. ಕಾರ್ಖಾನೆಯ ಮಾತಿನಲ್ಲಿ ಅದು ವೆಸೆಲ್. ಕೆಲಸಕ್ಕೆ ಇಳಿಯುವ ಮುನ್ನ, ಆಮೇಲೆ ದೊಡ್ಡ ರಿಪೇರಿ ಆದಾಗ, ಮತ್ತೆ ನಿಯಮ ಹೇಳಿದ ಅವಧಿಗೊಮ್ಮೆ ವೆಸೆಲ್ಲನ್ನು ಮಾಮೂಲಿಗಿಂತ ಹೆಚ್ಚಿನ ಒತ್ತಡಕ್ಕೆ ಒಡ್ಡಿ ನೋಡುತ್ತಾರೆ.

ಈ ಪರೀಕ್ಷೆಯಲ್ಲಿ ಎಲ್ಲರ ಗಮನವೂ ಒತ್ತಡ ಏರುವ ಹೊತ್ತಿನ ಮೇಲಿರುತ್ತದೆ. ಇನ್‌ಸ್ಪೆಕ್ಟರ್ ನಿಂತಿರುತ್ತಾರೆ, ಗೇಜಿನ ಮುಳ್ಳನ್ನು ನಾಲ್ಕು ಕಣ್ಣು ನೋಡುತ್ತಿರುತ್ತವೆ. ಒತ್ತಡ ನಿಂತಿತು, ಸೋರಿಕೆ ಇಲ್ಲ, ಕಾಗದಕ್ಕೆ ಸಹಿ ಬಿತ್ತು ಎಂದಾದ ಮೇಲೆ ಜನ ಚದುರುತ್ತಾರೆ. ಉಳಿದ ಕೆಲಸವನ್ನು ಒಬ್ಬ ಫಿಟ್ಟರ್ ಮತ್ತು ಒಬ್ಬ ಹೆಲ್ಪರ್ ಮುಗಿಸಬೇಕು. ಒತ್ತಡವನ್ನು ಇಳಿಸಿ ಮುಚ್ಚಳ ಬಿಚ್ಚುವ ಆ ಕೊನೆಯ ಭಾಗಕ್ಕೆ ಮೊದಲ ಭಾಗದಷ್ಟೇ ಯೋಜನೆ ಬೇಕು, ಅಷ್ಟೇ ಕಣ್ಗಾವಲು ಬೇಕು ಎಂಬುದು ಈ ಲೇಖನದ ಮುಖ್ಯ ಮಾತು.

ಪರೀಕ್ಷೆ ಏಕೆ, ಎಷ್ಟು ಒತ್ತಡದಲ್ಲಿ

ವೆಸೆಲ್ ಪರೀಕ್ಷೆಯ ನಿಯಮಗಳು ಸಾವುಗಳಿಂದ ಹುಟ್ಟಿದವು. 1863ರಲ್ಲಿ ಕಲ್ಕತ್ತಾದಲ್ಲಿ ಬಾಯ್ಲರ್ ಒಂದು ಸಿಡಿದು ಹಲವರು ಸತ್ತರು. ಮರುವರ್ಷವೇ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಯ ಕಾಯ್ದೆ ಬಂತು. ಬೇರೆ ಬೇರೆ ಪ್ರಾಂತ್ಯಗಳು ತಮ್ಮದೇ ಕಾಯ್ದೆ ಮಾಡಿಕೊಂಡು ಗೊಂದಲವಾದಾಗ 1923ರಲ್ಲಿ ಇಂಡಿಯನ್ ಬಾಯ್ಲರ್ಸ್ ಆಕ್ಟ್ ರೂಪುಗೊಂಡಿತು. ಅಮೆರಿಕದಲ್ಲಿ 1905ರ ಮಾರ್ಚ್ 20ರಂದು ಮ್ಯಾಸಚೂಸೆಟ್ಸ್‌ನ ಬ್ರಾಕ್ಟನ್ ಪಟ್ಟಣದ ಗ್ರೋವರ್ ಶೂ ಕಾರ್ಖಾನೆಯ ಬಾಯ್ಲರ್ ಸಿಡಿದು 58 ಜನ ತೀರಿಕೊಂಡರು. ಆ ದುರಂತದ ಒತ್ತಾಯದಿಂದ ರಾಜ್ಯದ ಕಾನೂನು ಬಂತು, ಅದರ ಬೆನ್ನಿಗೆ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ (ಎಎಸ್‌ಎಂಇ) 1914ರ ಆವೃತ್ತಿಯಾಗಿ ತನ್ನ ಮೊದಲ ಬಾಯ್ಲರ್ ಕೋಡ್ ಹೊರತಂದಿತು. ಇವತ್ತು ಪೀಣ್ಯದ ಫ್ಯಾಬ್ರಿಕೇಷನ್ ಶೆಡ್ಡಿನಲ್ಲೂ ‘ಎಎಸ್‌ಎಂಇ ಪ್ರಕಾರ’ ಎಂಬ ಮಾತು ಕೇಳಿಬರುವುದು ಅದೇ ಕೋಡಿನ ವಂಶದಿಂದ.

ಎಷ್ಟು ಒತ್ತಡಕ್ಕೆ ಏರಿಸಬೇಕು ಎಂಬುದು ಯಾವ ನಿಯಮಾವಳಿ, ಯಾವ ಮಾಧ್ಯಮ ಎನ್ನುವುದರ ಮೇಲೆ ನಿಂತಿದೆ. ಎಎಸ್‌ಎಂಇ ಕೋಡಿನ ಎಂಟನೆಯ ಭಾಗದ ಮೊದಲ ವಿಭಾಗದ ಪ್ರಕಾರ ನೀರಿನ ಪರೀಕ್ಷೆಗೆ ಗರಿಷ್ಠ ಅನುಮತಿಸಿದ ಒತ್ತಡದ 1.3 ಪಟ್ಟು, ಗಾಳಿಯ ಪರೀಕ್ಷೆಗೆ 1.1 ಪಟ್ಟು. ಲೋಹವು ಕೋಣೆಯ ಬಿಸಿಗಿಂತ ಹೆಚ್ಚು ಬಿಸಿಯಲ್ಲಿ ಕೆಲಸ ಮಾಡುವಂಥದ್ದಾದರೆ ಈ ಅಂಕಿಗೆ ಇನ್ನಷ್ಟು ತಿದ್ದುಪಡಿ ಸೇರುತ್ತದೆ. ನಮ್ಮ ಇಂಡಿಯನ್ ಬಾಯ್ಲರ್ ರೆಗ್ಯುಲೇಷನ್ಸ್, ಅಂದರೆ ಎಲ್ಲರೂ ಐಬಿಆರ್ ಎಂದು ಕರೆಯುವ 1950ರ ನಿಯಮಗಳು, ಹೊಸ ಬಾಯ್ಲರ್‌ಗೆ ಒಂದೂವರೆ ಪಟ್ಟು ಕೇಳುತ್ತವೆ.

ಗಾಳಿಯ ಪರೀಕ್ಷೆಗೆ ಗುಣಕ ಏಕೆ ಕಡಿಮೆ? ಗಾಳಿ ಸುರಕ್ಷಿತ ಎಂಬ ಕಾರಣಕ್ಕಲ್ಲ. ಅದು ಅಪಾಯಕಾರಿ ಎಂದು ಗೊತ್ತಿರುವುದರಿಂದಲೇ ಹೆಚ್ಚು ಏರಿಸಲು ಬಿಡುವುದಿಲ್ಲ.

ನೀರು ಮತ್ತು ಗಾಳಿ: ಒಂದೇ ಒತ್ತಡ, ಬೇರೆ ಬೇರೆ ಶಕ್ತಿ

ಗೇಜಿನ ಮುಳ್ಳು ಒತ್ತಡವನ್ನು ತೋರಿಸುತ್ತದೆ, ಒಳಗೆ ಕೂಡಿಟ್ಟ ಶಕ್ತಿಯನ್ನು ತೋರಿಸುವುದಿಲ್ಲ. ಈ ಒಂದು ವ್ಯತ್ಯಾಸ ಮನಸ್ಸಿಗೆ ಇಳಿದರೆ ಪರೀಕ್ಷೆಯ ಮುಕ್ಕಾಲು ಸುರಕ್ಷತೆ ಅರ್ಥವಾದಂತೆ.

10 ಘನ ಮೀಟರ್, ಅಂದರೆ 10,000 ಲೀಟರಿನ ಒಂದು ವೆಸೆಲ್ಲನ್ನು 10 ಬಾರ್ ಒತ್ತಡಕ್ಕೆ ಏರಿಸಿದ್ದೇವೆ ಎಂದುಕೊಳ್ಳೋಣ. ಒಳಗೆ ಬರೀ ನೀರಿದ್ದರೆ ಆ ನೀರನ್ನು ಅಮುಕಲು ಖರ್ಚಾದ ಶಕ್ತಿ ಸುಮಾರು 2.3 ಕಿಲೋ ಜೂಲ್. ನೀರು ಅಮುಕಿದರೆ ಅಷ್ಟಾಗಿ ಕುಗ್ಗದು. ತುಂಬಿದ ವೆಸೆಲ್ಲಿಗೆ ಸುಮಾರು ನಾಲ್ಕೂವರೆ ಲೀಟರ್ ನೀರನ್ನು ಹೆಚ್ಚಿಗೆ ತುರುಕಿದರೆ, ಜೊತೆಗೆ ಉಕ್ಕು ಹಿಗ್ಗುವ ಲೆಕ್ಕಕ್ಕೆ ಇನ್ನೊಂದಿಷ್ಟು ಸೇರಿಸಿದರೆ, 10 ಬಾರ್ ಬಂದುಬಿಡುತ್ತದೆ. ಕೈಪಂಪೇ ಸಾಕು. ಇಳಿಸುವಾಗಲೂ ಅಷ್ಟೇ ಲೀಟರ್ ಹೊರಬಂದರೆ ಮುಳ್ಳು ಕೆಳಗೆ ಕೂರುತ್ತದೆ.

ಅದೇ ವೆಸೆಲ್ಲಿನಲ್ಲಿ ಅದೇ 10 ಬಾರ್ ಗಾಳಿ ಇದ್ದರೆ ಹೊರಬರಲು ಕಾದಿರುವ ಶಕ್ತಿ ಸುಮಾರು 13.6 ಮೆಗಾ ಜೂಲ್. ನೀರಿನದಕ್ಕಿಂತ ಆರು ಸಾವಿರ ಪಟ್ಟು ಹತ್ತಿರ. ಒಂದು ಟನ್ ತೂಕದ ಕಾರನ್ನು ಸುಮಾರು 1.4 ಕಿಲೋಮೀಟರ್ ಎತ್ತರಕ್ಕೆ ಎತ್ತಲು ಬೇಕಾಗುವಷ್ಟು ಶಕ್ತಿ ಇದು. ಸ್ಫೋಟಕದ ಲೆಕ್ಕದಲ್ಲಿ ಮೂರು ಕಿಲೋಗಿಂತ ತುಸು ಹೆಚ್ಚಿನ ಟಿಎನ್‌ಟಿ. ವೆಲ್ಡ್ ಬಿಟ್ಟುಕೊಂಡರೆ ನೀರಿನ ವೆಸೆಲ್ ಸಾಮಾನ್ಯವಾಗಿ ಚಿಮ್ಮಿ ಸೋರಿ ಸುಮ್ಮನಾಗುತ್ತದೆ, ಗಾಳಿಯದು ಬಾಂಬಿನಂತೆ ವರ್ತಿಸುತ್ತದೆ. ಗಾಳಿಯ ಬದಲು ನೈಟ್ರೋಜನ್ ಹಾಕಿದರೂ ಈ ಲೆಕ್ಕ ಬದಲಾಗುವುದಿಲ್ಲ. ಅದು ಬೆಂಕಿ ಹತ್ತುವ ಭಯವನ್ನು ತಪ್ಪಿಸುತ್ತದೆ, ಸಿಡಿಯುವ ಭಯವನ್ನಲ್ಲ.

ಆದ್ದರಿಂದ ನೀರು ಹಾಕಲು ಸಾಧ್ಯವಿರುವ ಕಡೆ ನೀರನ್ನೇ ಹಾಕಬೇಕು. ವೆಸೆಲ್ಲಿನ ಅಡಿಪಾಯವೋ ಆಧಾರವೋ ನೀರಿನ ಭಾರ ತಡೆಯದಿದ್ದಾಗ, ಒಳಗೆ ತೇವ ಉಳಿದರೆ ಕೆಡುವ ಕೆಟಲಿಸ್ಟ್ ಅಥವಾ ಒಳಪದರ ಇದ್ದಾಗ ಮಾತ್ರ ಗಾಳಿಯ ಪರೀಕ್ಷೆಗೆ ಹೋಗಬೇಕು. ‘ನೀರು ತುಂಬಿಸಿ ಖಾಲಿ ಮಾಡಲು ಎರಡು ದಿನ ಹಿಡಿಯುತ್ತದೆ, ಕಂಪ್ರೆಸರ್ ಹೇಗೂ ಇಲ್ಲೇ ಇದೆ’ ಎಂಬುದು ಕಾರಣವಾಗಬಾರದು. ಶಾಂಘೈನ ಎಲ್‌ಎನ್‌ಜಿ ಟರ್ಮಿನಲ್ಲಿನಲ್ಲಿ 2009ರ ಫೆಬ್ರವರಿಯಲ್ಲಿ ಪೈಪ್‌ಲೈನಿನ ಗಾಳಿ ಪರೀಕ್ಷೆ ನಡೆಯುತ್ತಿದ್ದಾಗ ಪೈಪು ಸಿಡಿದು ಒಬ್ಬ ಕಾರ್ಮಿಕ ಸತ್ತು ಹತ್ತಕ್ಕೂ ಹೆಚ್ಚು ಜನ ಗಾಯಗೊಂಡರು.

ಗಾಳಿಯ ಪರೀಕ್ಷೆ ತಪ್ಪಿಸಲಾಗದಿದ್ದರೆ ದೂರವೇ ರಕ್ಷಣೆ. ಎಎಸ್‌ಎಂಇಯ ರಿಪೇರಿ ಮತ್ತು ಪರೀಕ್ಷೆಯ ಮಾರ್ಗದರ್ಶಿ, ಕೂಡಿಟ್ಟ ಶಕ್ತಿ 135.5 ಮೆಗಾ ಜೂಲ್ ಒಳಗಿದ್ದರೆ ಕನಿಷ್ಠ 30 ಮೀಟರ್, 271 ಮೆಗಾ ಜೂಲ್ ತನಕ 60 ಮೀಟರ್ ದೂರ ಜನರನ್ನು ಇರಿಸಲು ಹೇಳುತ್ತದೆ. ಅದಕ್ಕೂ ಮೀರಿದರೆ ಬೇರೆಯೇ ಲೆಕ್ಕ ಮಾಡಬೇಕು ಅಥವಾ ವೆಸೆಲ್ಲನ್ನು ಭಾಗ ಮಾಡಿ ಪರೀಕ್ಷಿಸಬೇಕು. ಇದು ಆಘಾತದ ಅಲೆಗೆ ಸಂಬಂಧಿಸಿದ ದೂರ, ಹಾರುವ ಲೋಹದ ಚೂರು ಅದನ್ನೂ ದಾಟಬಹುದು. ಒತ್ತಡ ಪೂರ್ತಿ ಇಳಿಯುವ ತನಕ ಈ ಗೆರೆ ಹಾಗೇ ಇರಬೇಕು. ಪರೀಕ್ಷೆ ಪಾಸಾಯಿತೆಂದು ಹಗ್ಗ ಬಿಚ್ಚುವ ಅಭ್ಯಾಸ ಬಹಳ ಕಡೆ ಇದೆ, ಅದು ತಪ್ಪು.

ನೀರಿನ ಪರೀಕ್ಷೆಯನ್ನೂ ಹಗುರವಾಗಿ ಕಾಣಬಾರದು

1965ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಜಾನ್ ಥಾಂಪ್ಸನ್ ಕಾರ್ಖಾನೆಯಲ್ಲಿ, ಅಮೋನಿಯಾ ಘಟಕಕ್ಕೆಂದು ಕಟ್ಟಿದ 149 ಮಿಲಿಮೀಟರ್ ದಪ್ಪ ಗೋಡೆಯ ವೆಸೆಲ್ ನೀರಿನ ಪರೀಕ್ಷೆಯ ನಡುವೆಯೇ ಒಡೆಯಿತು. ಸುಮಾರು ಎರಡು ಟನ್ನಿನ ತುಂಡು ಗೋಡೆ ಸೀಳಿಕೊಂಡು 46 ಮೀಟರ್ ದೂರ ಹೋಗಿ ಬಿತ್ತು. ಕಾರಣ ಬೆಸುಗೆಯ ಪಕ್ಕದ ಸಣ್ಣ ಬಿರುಕು ಮತ್ತು ಆ ಭಾಗದ ಉಕ್ಕಿನ ಬಿರುಸುತನ. ತಣ್ಣಗಿರುವ ದಪ್ಪ ಉಕ್ಕು ಬಾಗುವ ಬದಲು ಸೀಳಬಲ್ಲದು. ಆದ್ದರಿಂದಲೇ ಲೋಹದ ಉಷ್ಣಾಂಶವು ಅದರ ಕನಿಷ್ಠ ವಿನ್ಯಾಸ ಉಷ್ಣಾಂಶಕ್ಕಿಂತ ಕನಿಷ್ಠ 17 ಡಿಗ್ರಿ ಸೆಲ್ಸಿಯಸ್ ಮೇಲಿರಲಿ ಎಂದು ಕೋಡ್ ಹೇಳುತ್ತದೆ.

ಇನ್ನೊಂದು ಅಪಾಯ ನೀರಿನೊಳಗೆ ಉಳಿದುಬಿಡುವ ಗಾಳಿ. ಅದೇ 10,000 ಲೀಟರಿನ ವೆಸೆಲ್ ತುಂಬುವಾಗ ನೆತ್ತಿಯಲ್ಲಿ ಐದು ಶೇಕಡಾ ಜಾಗದಷ್ಟು ಗಾಳಿ ಸಿಕ್ಕಿಕೊಂಡಿತು ಎನ್ನಿ. 10 ಬಾರಿಗೆ ಏರಿಸಿದಾಗ ಆ ಗಾಳಿ ಹನ್ನೊಂದನೇ ಒಂದು ಪಾಲಿಗೆ ಕುಗ್ಗಿ ಕೂತಿರುತ್ತದೆ, ಅದರೊಳಗಿನ ಶಕ್ತಿ ಸುಮಾರು 62 ಕಿಲೋ ಜೂಲ್. ಇಡೀ ವೆಸೆಲ್ಲಿನ ನೀರಿನ ಶಕ್ತಿಗಿಂತ ಇಪ್ಪತ್ತೈದು ಪಟ್ಟಿಗೂ ಹೆಚ್ಚು. ಹೀಗಾಗಿ ವೆಸೆಲ್ಲಿನ ಪ್ರತಿಯೊಂದು ಎತ್ತರದ ತುದಿಯಲ್ಲೂ ವೆಂಟ್ ಇರಬೇಕು. ತುಂಬುವಾಗ ಅಲ್ಲಿಂದ ಗುಳ್ಳೆಯಿಲ್ಲದ ನೀರು ಒಂದೇ ಧಾರೆಯಾಗಿ ಬರುವ ತನಕ ತೆರೆದಿಡಬೇಕು. ಪಂಪ್ ಹೊಡೆದಷ್ಟೂ ಮುಳ್ಳು ಸೋಮಾರಿಯಾಗಿ ಏರುತ್ತಿದ್ದರೆ, ಇಳಿಸುವಾಗ ಲೆಕ್ಕಕ್ಕಿಂತ ಹೆಚ್ಚು ನೀರು ಬರುತ್ತಿದ್ದರೆ, ಒಳಗೆ ಗಾಳಿ ಇದೆ ಎಂದೇ ತಿಳಿಯಬೇಕು.

ಏರಿಸುವ ಮೊದಲೇ ಇಳಿಸುವ ದಾರಿ

ಒತ್ತಡ ಬಿಡುವ ವಾಲ್ವ್ ಯಾವುದು, ಅದರ ಬಾಯಿ ಯಾವ ಕಡೆ ನೋಡುತ್ತದೆ, ಅದನ್ನು ತೆರೆಯುವವರು ಎಲ್ಲಿ ನಿಲ್ಲುತ್ತಾರೆ ಎಂಬುದೆಲ್ಲ ಪಂಪ್ ಶುರುವಾಗುವ ಮುಂಚೆ ಕಾಗದದ ಮೇಲಿರಬೇಕು. ವೆಸೆಲ್ಲಿನ ಮೇಲೆ ಹತ್ತಿ ತೆರೆಯಬೇಕಾದ ವಾಲ್ವನ್ನು ನಂಬಿ ಪರೀಕ್ಷೆ ಶುರು ಮಾಡಬಾರದು. ಬಿಡುವ ಲೈನನ್ನು ಗಟ್ಟಿ ಪೈಪಿನಿಂದ ಕೆಳಗೆ ತಂದು, ಆಚೆ ಕ್ಲ್ಯಾಂಪ್ ಹಾಕಿ ಬಿಗಿದು, ಜನ ಓಡಾಡದ ಕಡೆಗೆ ಬಾಯಿ ಇಡಬೇಕು. ಒಂದು ವಾಲ್ವ್ ಸಾಲದು. ವೆಸೆಲ್ಲಿನ ಪಕ್ಕದ್ದು ಪೂರ್ತಿ ತೆರೆಯುವುದಕ್ಕೆ, ಅದರ ಮುಂದಿನದು ಹದವಾಗಿ ಬಿಡುವುದಕ್ಕೆ. ಎರಡನೆಯದು ಗ್ಲೋಬ್ ಅಥವಾ ನೀಡಲ್ ವಾಲ್ವ್ ಆಗಿರುವುದು ಒಳ್ಳೆಯದು. ಬಾಲ್ ವಾಲ್ವ್ ಕಾಲು ತಿರುವಿಗೇ ಪೂರ್ತಿ ತೆರೆದುಕೊಳ್ಳುತ್ತದೆ, ಹದ ಸಿಗುವುದಿಲ್ಲ.

ಗೇಜಿನ ವಿಷಯಕ್ಕೆ ಬಂದರೆ, ಅದರ ಪೂರ್ಣ ಅಳತೆ ಪರೀಕ್ಷಾ ಒತ್ತಡದ ಎರಡು ಪಟ್ಟಿನ ಆಸುಪಾಸು ಇರಬೇಕು, ಒಂದೂವರೆ ಪಟ್ಟಿಗಿಂತ ಕಡಿಮೆಯೂ ನಾಲ್ಕು ಪಟ್ಟಿಗಿಂತ ಹೆಚ್ಚೂ ಇರಬಾರದು ಎಂಬುದು ಕೋಡಿನ ಮಾತು. ವೆಸೆಲ್ಲಿಗೇ ಜೋಡಿಸಿದ್ದೊಂದು, ಪಂಪಿನ ಬಳಿ ಆಪರೇಟರ್ ನೋಡಲು ಇನ್ನೊಂದು ಇದ್ದರೆ ಎರಡರ ಓದು ಹೊಂದದಿದ್ದಾಗ ತಕ್ಷಣ ತಿಳಿಯುತ್ತದೆ. ಪಂಪಿನ ಬಳಿಯ ಗೇಜ್ ಒಂದನ್ನೇ ನೋಡಿ, ನಡುವಿನ ವಾಲ್ವ್ ಮುಚ್ಚಿರುವುದು ಗೊತ್ತಾಗದೆ, ‘ಇಳಿಯಿತು’ ಎಂದು ವೆಸೆಲ್ ಬಿಚ್ಚಲು ಹೋಗುವುದು ನಡೆಯಬಹುದಾದ ತಪ್ಪುಗಳಲ್ಲೇ ಅತಿ ಸುಲಭದ್ದು.

ಎತ್ತರದ ಕಾಲಂಗಳಲ್ಲಿ ಗೇಜ್ ಎಲ್ಲಿದೆ ಎಂಬುದೂ ಮುಖ್ಯ. ನಿಂತ ನೀರು ಪ್ರತಿ ಹತ್ತು ಮೀಟರಿಗೆ ಹೆಚ್ಚುಕಡಿಮೆ ಒಂದು ಬಾರ್ ಸೇರಿಸುತ್ತದೆ. 30 ಮೀಟರ್ ಕಾಲಂನ ತುದಿಯ ಗೇಜ್ ಸೊನ್ನೆ ತೋರಿಸುತ್ತಿರುವಾಗ ಬುಡದ ಫ್ಲ್ಯಾಂಜ್ ಮೇಲೆ ಮೂರು ಬಾರ್ ಇರುತ್ತದೆ.

ನೀರಿನ ಒತ್ತಡ ಇಳಿಸುವ ಕ್ರಮ

ಮೊದಲು ಪಂಪ್ ನಿಲ್ಲಿಸಿ ಅದನ್ನು ಲೈನಿನಿಂದ ಬೇರ್ಪಡಿಸಬೇಕು. ಹದದ ವಾಲ್ವನ್ನು ನಿಧಾನವಾಗಿ ತೆರೆದು ಒತ್ತಡವನ್ನು ಹಂತಹಂತವಾಗಿ ಇಳಿಸಬೇಕು. ಪರೀಕ್ಷಾ ಒತ್ತಡದಿಂದ ತಪಾಸಣೆಯ ಒತ್ತಡಕ್ಕೆ ಇಳಿದು ಅಲ್ಲಿ ನಿಲ್ಲುವುದು ಕೋಡಿನ ಕ್ರಮವೇ ಆಗಿದೆ: ಪರೀಕ್ಷಾ ಒತ್ತಡವನ್ನು 1.3ರಿಂದ ಭಾಗಿಸಿ ಬಂದ ಅಂಕಿಗಿಂತ ಕಡಿಮೆಯಾಗದ ಮಟ್ಟದಲ್ಲಿ ಇನ್‌ಸ್ಪೆಕ್ಟರ್ ಪ್ರತಿ ಜೋಡಣೆಯನ್ನೂ ನೋಡುತ್ತಾರೆ. ತುದಿಯ ಒತ್ತಡದಲ್ಲಿ ವೆಸೆಲ್ ಇರುವಾಗ ಹತ್ತಿರ ಹೋಗಿ ಬೆಸುಗೆ ಮುಟ್ಟಿ ನೋಡುವುದು ಎಷ್ಟೇ ಅನುಭವಿಗಾದರೂ ಸಲ್ಲದು. ಸೋರುತ್ತಿರುವ ಫ್ಲ್ಯಾಂಜಿನ ಬೋಲ್ಟನ್ನು ಒತ್ತಡದಲ್ಲೇ ಬಿಗಿಯುವುದಂತೂ ಕೂಡದು. ಆಗಲೇ ಎಳೆತದಲ್ಲಿರುವ ಬೋಲ್ಟ್ ಸ್ಪ್ಯಾನರಿನ ಮತ್ತೊಂದು ಸುತ್ತಿಗೆ ತುಂಡಾಗಬಹುದು. ಇಳಿಸು, ಬಿಗಿ, ಮತ್ತೆ ಏರಿಸು. ಅರ್ಧ ದಿನ ಹೋದರೆ ಹೋಗಲಿ.

ತಪಾಸಣೆ ಮುಗಿದು ಒತ್ತಡ ಪೂರ್ತಿ ಇಳಿದ ಮೇಲೆ ಬರುವುದು ಬಹಳ ಸಲ ಮರೆತುಹೋಗುವ ಹೆಜ್ಜೆ: ಬುಡದ ಡ್ರೇನ್ ತೆರೆಯುವ ಮುಂಚೆ ನೆತ್ತಿಯ ವೆಂಟ್ ತೆರೆಯಬೇಕು. ವೆಂಟ್ ಮುಚ್ಚಿದಂತೇ ಡ್ರೇನ್ ಬಿಟ್ಟರೆ ಇಳಿಯುವ ನೀರು ಹಿಂದೆ ನಿರ್ವಾತವನ್ನು ಬಿಟ್ಟುಹೋಗುತ್ತದೆ. ಹೊರಗಿನ ಗಾಳಿ ಆಗ ಪ್ರತಿ ಚದರ ಮೀಟರಿನ ಮೇಲೆ ಹತ್ತು ಟನ್‌ವರೆಗೆ ಭಾರ ಹಾಕಬಲ್ಲದು. ಹಲವು ಬಾರ್ ಒಳ ಒತ್ತಡ ತಡೆಯುವ ತೆಳು ಗೋಡೆಯ ದೊಡ್ಡ ವೆಸೆಲ್ ಕೂಡ ಹೊರಗಿನ ಈ ಒಂದು ಬಾರಿಗೆ ತಾಳದೆ ನಜ್ಜುಗುಜ್ಜಾಗಬಹುದು. ಉಕ್ಕಿನ ಚಿಪ್ಪು ಎಳೆತಕ್ಕೆ ಗಟ್ಟಿ, ಹೊರಗಿನಿಂದ ಒತ್ತಿದಾಗ ಮಡಿಸಿಕೊಳ್ಳುತ್ತದೆ. ವೆಂಟಿನ ಬಾಯಿಗೆ ಕಸ ಹೋಗದಿರಲೆಂದು ಪ್ಲಾಸ್ಟಿಕ್ ಚೀಲ ಕಟ್ಟಿದ್ದರೆ ಅದೂ ಅಷ್ಟೇ ಅಪಾಯ, ಅದನ್ನು ಮೊದಲು ಬಿಚ್ಚಬೇಕು.

ಜಾಕೆಟ್ ಇರುವ ರಿಯಾಕ್ಟರಿನಲ್ಲಿ ಕ್ರಮ ಇನ್ನೂ ಸೂಕ್ಷ್ಮ. ಒಳಪಾತ್ರೆ ಮತ್ತು ಅದರ ಸುತ್ತಲಿನ ಜಾಕೆಟ್ ಎರಡರಲ್ಲೂ ಒತ್ತಡ ಇದ್ದಾಗ ಒಳಪಾತ್ರೆಯದನ್ನು ಮೊದಲು ಬಿಟ್ಟರೆ ಜಾಕೆಟ್ಟಿನ ಒತ್ತಡ ಅದನ್ನು ಒಳಕ್ಕೆ ಅಮುಕುತ್ತದೆ. ವಿನ್ಯಾಸ ಅದಕ್ಕೆ ಒಪ್ಪದಿದ್ದರೆ ಜಾಕೆಟ್ಟನ್ನೇ ಮೊದಲು ಇಳಿಸಬೇಕು. ಯಾವುದು ಮೊದಲು ಎಂಬುದನ್ನು ಡ್ರಾಯಿಂಗ್ ಹೇಳಬೇಕು, ನೆನಪಿನ ಮೇಲೆ ಬಿಡಬಾರದು.

ರಾತ್ರಿಯಾಯಿತೆಂದು ವೆಸೆಲ್ಲನ್ನು ಒತ್ತಡದಲ್ಲೇ ಬಿಟ್ಟು ಮನೆಗೆ ಹೋಗುವ ಪದ್ಧತಿ ಕೆಲವೆಡೆ ಇದೆ. ಬಿಗಿಯಾಗಿ ಮುಚ್ಚಿದ ವೆಸೆಲ್ಲಿನಲ್ಲಿ ನೀರು ಬಿಸಿಯಾದಾಗ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಒಂದು ಡಿಗ್ರಿ ಏರಿದರೂ ಒತ್ತಡ ಹಲವು ಬಾರ್ ಹಾರಬಹುದು. ಬಳ್ಳಾರಿ, ರಾಯಚೂರಿನಂಥ ಕಡೆ ಬೆಳಗ್ಗೆ ತುಂಬಿದ ತಣ್ಣೀರು ಮಧ್ಯಾಹ್ನದ ಹೊತ್ತಿಗೆ ಎಷ್ಟು ಡಿಗ್ರಿ ಏರುತ್ತದೆ ಎಂದು ಊಹಿಸಿದರೆ ಸಾಕು. ಜನ ಇಲ್ಲದಾಗ ವೆಸೆಲ್ ಬಿಸಿಯಾಗುವ ಸಂಭವ ಇದ್ದರೆ ಪರೀಕ್ಷಾ ಒತ್ತಡದ ಒಂದೂ ಮೂರನೇ ಒಂದು ಪಟ್ಟಿಗೆ ತೆರೆದುಕೊಳ್ಳುವ ಸಣ್ಣ ರಿಲೀಫ್ ವಾಲ್ವ್ ಇಡಿ ಎಂದು ಕೋಡ್ ಶಿಫಾರಸು ಮಾಡುತ್ತದೆ. ಊಟಕ್ಕೆ ಹೋಗುವಾಗಲೂ ಒತ್ತಡ ಇಳಿಸಿಯೇ ಹೋಗುವುದು ಅದಕ್ಕಿಂತ ಒಳ್ಳೆಯದು.

ಗಾಳಿಯನ್ನು ಬಿಡುವಾಗ

ಗಾಳಿಯ ಪರೀಕ್ಷೆಯಲ್ಲಿ ಏರಿಕೆಗೇ ಮೆಟ್ಟಿಲುಗಳಿವೆ. ಮೊದಲು ಪರೀಕ್ಷಾ ಒತ್ತಡದ ಅರ್ಧ, ಆಮೇಲೆ ಹತ್ತನೇ ಒಂದರಂತೆ ಒಂದೊಂದು ಹಂತ, ತುದಿ ಮುಟ್ಟಿದ ಮೇಲೆ 1.1ರಿಂದ ಭಾಗಿಸಿದ ಒತ್ತಡಕ್ಕೆ ಇಳಿಸಿ ತಪಾಸಣೆ. ಇಳಿಕೆಗೆ ಅಂಥ ಕಟ್ಟುನಿಟ್ಟಿನ ಮೆಟ್ಟಿಲನ್ನು ಕೋಡ್ ಕೊಟ್ಟಿಲ್ಲವಾದ್ದರಿಂದ ಅದನ್ನು ಕಾರ್ಖಾನೆಯೇ ಬರೆದುಕೊಳ್ಳಬೇಕು.

ಇಲ್ಲಿ ಗಾಳಿಯ ಒಂದು ಗುಣ ತಿಳಿದಿರಬೇಕು. ಒಳಗಿನ ನಿಜ ಒತ್ತಡ ಹೊರಗಿನದಕ್ಕಿಂತ ಸುಮಾರು 1.9 ಪಟ್ಟು ಹೆಚ್ಚಿರುವ ತನಕ, ಕಿಂಡಿಯಲ್ಲಿ ಗಾಳಿ ಶಬ್ದದ ವೇಗದಲ್ಲೇ ಹೊರಹೋಗುತ್ತದೆ, ಅದಕ್ಕಿಂತ ಜೋರಾಗಿ ಹೋಗಲಾರದು. ಹೋಗುವ ಪ್ರಮಾಣ ಒಳಗೆ ಉಳಿದ ಒತ್ತಡಕ್ಕೆ ತಕ್ಕಂತೆ ಇರುವುದರಿಂದ ಪ್ರತಿ ಸಲ ಒತ್ತಡ ಅರ್ಧವಾಗಲು ಅಷ್ಟೇ ಹೊತ್ತು ಹಿಡಿಯುತ್ತದೆ. ನಮ್ಮ 10,000 ಲೀಟರಿನ ವೆಸೆಲ್ಲಿಗೆ 12 ಮಿಲಿಮೀಟರಿನ ಕಿಂಡಿ ಇಟ್ಟರೆ ನಿಜ ಒತ್ತಡ 11ರಿಂದ ಐದೂವರೆ ಬಾರಿಗೆ ಬರಲು ಅಂದಾಜು ಆರು ನಿಮಿಷ, ಅಲ್ಲಿಂದ ಎರಡೂ ಮುಕ್ಕಾಲಿಗೆ ಬರಲು ಮತ್ತೆ ಆರು ನಿಮಿಷ. ಮೊದಲು ರಭಸವಾಗಿ ಇಳಿದ ಮುಳ್ಳು ಆಮೇಲೆ ತೆವಳುತ್ತದೆ. ಕೊನೆಯ ಒಂದು ಬಾರಿಗೆ ಬಂದಾಗ ಶಿಳ್ಳೆಯ ಸದ್ದೂ ತಗ್ಗಿ, ಎಲ್ಲ ಮುಗಿದ ಹಾಗೆ ಕಾಣುತ್ತದೆ. ತಾಳ್ಮೆ ಕಳೆದುಕೊಂಡು ಸ್ಪ್ಯಾನರಿಗೆ ಕೈ ಹಾಕುವುದು ಇದೇ ಹೊತ್ತಿಗೆ. ಎಷ್ಟು ಹೊತ್ತು ಹಿಡಿಯುತ್ತದೆಂದು ಮೊದಲೇ ಲೆಕ್ಕ ಹಾಕಿ ಕೆಲಸದ ಪರ್ಮಿಟ್ಟಿನಲ್ಲಿ ಬರೆದರೆ ಆ ಅವಸರಕ್ಕೆ ಜಾಗವಿರುವುದಿಲ್ಲ.

ಬೇಗ ಆಗಲಿ ಎಂದು ದೊಡ್ಡ ವಾಲ್ವ್ ತೆರೆದರೆ ಮೂರು ತೊಂದರೆಗಳು ಒಟ್ಟಿಗೆ ಬರುತ್ತವೆ. ಹಿಗ್ಗುವ ಗಾಳಿ ತಣ್ಣಗಾಗುತ್ತದೆ. 27 ಡಿಗ್ರಿಯ ಗಾಳಿ 10 ಬಾರಿನಿಂದ ಒಮ್ಮೆಲೇ ಹಿಗ್ಗಿದರೆ, ಗೋಡೆಯಿಂದ ಶಾಖವೇ ಸಿಗದಿದ್ದ ಪಕ್ಷದಲ್ಲಿ, ಲೆಕ್ಕದ ಪ್ರಕಾರ ಮೈನಸ್ 120 ಡಿಗ್ರಿ ದಾಟುತ್ತದೆ. ನಿಜದಲ್ಲಿ ಗೋಡೆ ಶಾಖ ಕೊಡುವುದರಿಂದ ಅಷ್ಟು ಇಳಿಯದು, ಆದರೆ ಆ ಶಾಖ ಬರುವುದು ಯಾವ ಉಕ್ಕು ತಣ್ಣಗಾಗಬಾರದೋ ಅದರಿಂದಲೇ. ಎರಡನೆಯದು ಒದೆತ. 50 ಮಿಲಿಮೀಟರ್ ಪೈಪಿನ ತೆರೆದ ಬಾಯಿಂದ 10 ಬಾರ್ ಗಾಳಿ ನೇರವಾಗಿ ನುಗ್ಗಿದರೆ ಪೈಪಿನ ಮೇಲೆ ಬೀಳುವ ಹಿಮ್ಮುಖ ಬಲ ಸುಮಾರು 250 ಕಿಲೋ. ಕಟ್ಟದ ಹೋಸ್ ಆಗಿದ್ದರೆ ಅದು ಎದುರಿಗೆ ಸಿಕ್ಕಿದ್ದನ್ನೆಲ್ಲ ಬಡಿಯುತ್ತದೆ. ಮೂರನೆಯದು ಸದ್ದು, ಕಿವಿಯ ರಕ್ಷಣೆ ಇಲ್ಲದೆ ಹತ್ತಿರ ನಿಲ್ಲುವಂತಿಲ್ಲ. ಲೈನಿನ ತುದಿಗೆ ಸೈಲೆನ್ಸರ್ ಹಾಕುವ ರೂಢಿ ಒಳ್ಳೆಯದು, ಅದು ಕಟ್ಟಿಕೊಂಡಿಲ್ಲ ಎಂದು ಖಚಿತವಾಗಿರುವ ತನಕ.

ನೈಟ್ರೋಜನ್ ಬಿಡುವಾಗ ಇವೆಲ್ಲದರ ಮೇಲೆ ಕಣ್ಣಿಗೆ ಕಾಣದ ಮತ್ತೊಂದು ಸಾವಿದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಉಸಿರು ಕಟ್ಟಿದ ಅನುಭವವೂ ಆಗುವುದಿಲ್ಲ. ಆಮ್ಲಜನಕ ತೀರಾ ಇಳಿದ ಕಡೆ ಒಂದೆರಡು ಉಸಿರಿಗೇ ಮನುಷ್ಯ ಕುಸಿಯುತ್ತಾನೆ. 2005ರ ನವೆಂಬರಿನಲ್ಲಿ ಅಮೆರಿಕದ ಡೆಲವೇರ್ ಸಿಟಿಯ ರಿಫೈನರಿಯಲ್ಲಿ ನೈಟ್ರೋಜನ್ ತುಂಬಿದ್ದ ರಿಯಾಕ್ಟರಿನ ಬಾಯಿಯ ಬಳಿ ಇಬ್ಬರು ಗುತ್ತಿಗೆ ಕಾರ್ಮಿಕರು ಹೀಗೆಯೇ ಸತ್ತರು. ಒಬ್ಬ ಕುಸಿದಾಗ ಇನ್ನೊಬ್ಬ ಕಾಪಾಡಲು ಹೋಗಿ ತಾನೂ ಬಲಿಯಾಗುವುದು ಇಂಥ ಸಾವುಗಳಲ್ಲಿ ಮತ್ತೆಮತ್ತೆ ಕಾಣುವ ದುಃಖ. ನೈಟ್ರೋಜನ್ನನ್ನು ಶೆಡ್ಡಿನೊಳಗೆ, ಹೊಂಡಕ್ಕೆ, ತಗ್ಗಿಗೆ ಬಿಡಬಾರದು. ಬಿಟ್ಟ ಮೇಲೆ ಮೀಟರ್ ಹಿಡಿದು ಆಮ್ಲಜನಕ 19.5 ಶೇಕಡಾಕ್ಕಿಂತ ಮೇಲಿದೆ ಎಂದು ನೋಡಿಯೇ ಹತ್ತಿರ ಹೋಗಬೇಕು.

ಗೇಜಿನ ಸೊನ್ನೆಯನ್ನು ನಂಬಬಹುದೇ

ನಂಬುವಂತಿಲ್ಲ. 0ಯಿಂದ 25 ಬಾರ್ ತೋರಿಸುವ ಗೇಜಿನ ನಿಖರತೆ ಪೂರ್ಣ ಅಳತೆಯ ಒಂದು ಶೇಕಡಾ ಎಂದರೆ ಕಾಲು ಬಾರ್ ಆಚೀಚೆ ಇರಬಹುದು ಎಂದೇ ಅರ್ಥ. ಹಲವು ಗೇಜುಗಳಲ್ಲಿ ಸೊನ್ನೆಯ ಬಳಿ ಮುಳ್ಳನ್ನು ತಡೆಯುವ ಸಣ್ಣ ಪಿನ್ ಇರುತ್ತದೆ, ಅಳತೆ ತಪ್ಪಿದ ಮುಳ್ಳು ಅದಕ್ಕೆ ಒರಗಿ ನಿಂತಿರುತ್ತದೆ.

ಆ ಕಾಲು ಬಾರ್ ಏನು ಮಾಡಬಲ್ಲದು? 500 ಮಿಲಿಮೀಟರ್ ವ್ಯಾಸದ ಮ್ಯಾನ್‌ಹೋಲ್ ಮುಚ್ಚಳವನ್ನು ತೆಗೆದುಕೊಳ್ಳಿ. 10 ಬಾರಿನಲ್ಲಿ ಅದರ ಮೇಲಿನ ಬಲ ಸುಮಾರು 20 ಟನ್. ಕಾಲು ಬಾರಿನಲ್ಲಿ 500 ಕಿಲೋ. ಬಾರಿನ ಹತ್ತನೇ ಒಂದು ಪಾಲು ಉಳಿದರೂ 200 ಕಿಲೋ. ಬೋಲ್ಟುಗಳನ್ನೆಲ್ಲ ಬಿಚ್ಚಿ ಕೊನೆಯದನ್ನು ತಿರುಗಿಸುತ್ತಿರುವವನ ಮುಖಕ್ಕೆ ಆ ಮುಚ್ಚಳ ಬಡಿದರೆ ಉಳಿಯುವುದು ಕಷ್ಟ. ಮುಳ್ಳು ಸೊನ್ನೆಯಲ್ಲಿತ್ತು ಎಂಬ ಸಾಕ್ಷಿ ಆಗ ಯಾರ ಉಪಯೋಗಕ್ಕೂ ಬರದು.

ಗೇಜ್ ಸರಿಯಿದ್ದೂ ಒತ್ತಡ ಬೇರೆ ಕಡೆ ಸಿಕ್ಕಿಕೊಂಡಿರಬಹುದು. ಎರಡು ಮುಚ್ಚಿದ ವಾಲ್ವುಗಳ ನಡುವಿನ ಪೈಪಿನಲ್ಲಿ, ಬಾಲ್ ವಾಲ್ವಿನ ಗೋಲದ ಒಳಗೆ, ತುಕ್ಕು ಬಿದ್ದು ಕಟ್ಟಿಕೊಂಡ ನಾಝಲ್‌ನ ಆಚೆ. ಡ್ರೇನಿನಿಂದ ಏನೂ ಬರುತ್ತಿಲ್ಲ ಎಂದರೆ ಒಳಗೆ ಏನೂ ಇಲ್ಲ ಎಂದಲ್ಲ, ಡ್ರೇನೇ ಕಟ್ಟಿರಬಹುದು. ಹೀಗಾಗಿ ಸೊನ್ನೆಗೆ ಎರಡು ಪುರಾವೆ ಬೇಕು: ಗೇಜಿನದು ಒಂದು, ತೆರೆದ ವೆಂಟಿನ ಬಾಯಿಯದು ಇನ್ನೊಂದು. ವೆಂಟಿನ ದಾರಿ ನಿಜವಾಗಿ ತೆರೆದಿದೆಯೇ ಎಂದು ತಂತಿ ಹಾಯಿಸಿ ನೋಡುವುದು, ಬಾಯಿಗೆ ಎದುರಾಗಿ ನಿಲ್ಲದೆ ಪಕ್ಕದಲ್ಲಿ ನಿಂತು ಮಾಡಬೇಕಾದ ಕೆಲಸ.

ಒಂದೇ ತಿರುವಿಗೆ ತೆರೆದುಕೊಳ್ಳುವ ಬಾಗಿಲಿನ ಆಟೋಕ್ಲೇವ್‌ಗಳಲ್ಲಿ ಈ ತೀರ್ಮಾನವನ್ನು ಮನುಷ್ಯನಿಗೆ ಬಿಡುವುದೇ ಇಲ್ಲ. ಒತ್ತಡ ಪೂರ್ತಿ ಹೋಗುವ ತನಕ ಬಾಗಿಲು ಬಿಚ್ಚದಂತೆ ತಡೆಯುವ ಇಂಟರ್‌ಲಾಕ್ ಕೋಡಿನಲ್ಲೇ ಕಡ್ಡಾಯ. ವಿಮಾನದ ಕಾಂಪೋಸಿಟ್ ಭಾಗಗಳನ್ನು ಬೇಯಿಸುವ ದೊಡ್ಡ ಆಟೋಕ್ಲೇವ್‌ಗಳನ್ನು ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಸ್ವದೇಶದಲ್ಲೇ ವಿನ್ಯಾಸ ಮಾಡಿದೆ. ಕೆಲಸದವರು ಒಳಗೆ ನಡೆದುಹೋಗುವಷ್ಟು ದೊಡ್ಡ ಬಾಗಿಲಿಗೆ ಇಂಟರ್‌ಲಾಕ್ ಎಷ್ಟು ಅಗತ್ಯ ಎಂದು ಮೇಲಿನ ಲೆಕ್ಕವೇ ಹೇಳುತ್ತದೆ. ಮಾಮೂಲಿ ಬೋಲ್ಟ್ ಮುಚ್ಚಳಕ್ಕೆ ಅಂಥ ಕಾವಲು ಇಲ್ಲ, ಬಿಚ್ಚುವವನ ಕ್ರಮವೇ ಕಾವಲು.

ಬೋಲ್ಟ್ ಬಿಚ್ಚುವ ರೀತಿ

ನುರಿತ ಫಿಟ್ಟರ್ ಯಾವ ಬೋಲ್ಟನ್ನೂ ಒಮ್ಮೆಲೇ ತೆಗೆಯುವುದಿಲ್ಲ. ತನ್ನಿಂದ ದೂರದ ಕಡೆಯ ನಟ್ಟುಗಳನ್ನು ಮೊದಲು ಒಂದೆರಡು ಸುತ್ತು ಸಡಿಲಿಸುತ್ತಾನೆ, ನಟ್ ಬೋಲ್ಟಿನ ಮೇಲೇ ಇರುತ್ತದೆ. ಆಮೇಲೆ ಗ್ಯಾಸ್ಕೆಟ್ಟಿನ ಹಿಡಿತ ಬಿಡುವಂತೆ ಮುಚ್ಚಳವನ್ನು ಆ ಕಡೆ ಸ್ವಲ್ಪ ಎಬ್ಬಿಸುತ್ತಾನೆ. ಒಳಗೇನಾದರೂ ಉಳಿದಿದ್ದರೆ ಅದು ಆಚೆ ದಿಕ್ಕಿಗೆ ಸುಯ್ಯೆಂದು ಹೋಗುತ್ತದೆ, ಮುಚ್ಚಳವನ್ನು ಉಳಿದ ನಟ್ಟುಗಳು ಹಿಡಿದಿರುತ್ತವೆ. ಸದ್ದು ನಿಂತ ಮೇಲೂ ಕಾದು, ಬಳಿಕವೇ ಉಳಿದವನ್ನು ಬಿಚ್ಚುತ್ತಾನೆ. ಗ್ಯಾಸ್ಕೆಟ್ ಅಂಟಿಕೊಂಡಾಗ ಇದು ಇನ್ನೂ ಮುಖ್ಯ. ಬೋಲ್ಟೆಲ್ಲ ಹೋದರೂ ಅಂಟಿನ ಬಲದಿಂದ ಕೂತಿದ್ದ ಮುಚ್ಚಳ ಸುತ್ತಿಗೆಯ ಒಂದು ಪೆಟ್ಟಿಗೆ ಹಾರಬಹುದು. ಈ ವಿದ್ಯೆ ಕೈಯಿಂದ ಕೈಗೆ ದಾಟಿ ಬಂದದ್ದು, ಹೊಸಬರಿಗೆ ಅದನ್ನು ನಿಂತು ಕಲಿಸುವವರಿಗೆ ಕಾರ್ಖಾನೆಗಳು ಸಮಯ ಕೊಡಬೇಕು.

ಕಾನೂನಿನ ಚೌಕಟ್ಟು

ಬಾಯ್ಲರುಗಳಿಗೆ 1923ರ ಕಾಯ್ದೆಯ ಜಾಗದಲ್ಲಿ 2025ರ ಹೊಸ ಬಾಯ್ಲರ್ ಕಾಯ್ದೆ ಬಂದಿದೆ. ಬೆಂಕಿ ಕಾಣದ, ಸಂಕುಚಿತ ಅನಿಲ ತುಂಬುವ ವೆಸೆಲ್ಲುಗಳಿಗೆ 2016ರ ಸ್ಟ್ಯಾಟಿಕ್ ಅಂಡ್ ಮೊಬೈಲ್ ಪ್ರೆಷರ್ ವೆಸೆಲ್ಸ್ ನಿಯಮಗಳಿವೆ, ಅವನ್ನು ನೋಡಿಕೊಳ್ಳುವುದು ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ, ಅಂದರೆ ಪೆಸೊ. ಕರ್ನಾಟಕದಲ್ಲಿ ಬಾಯ್ಲರ್ ತಪಾಸಣೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯದು. ಗಂಗಾವತಿಯ ಅಕ್ಕಿ ಗಿರಣಿಗೂ ಬೆಳಗಾವಿಯ ಸಕ್ಕರೆ ಕಾರ್ಖಾನೆಗೂ ಇದೇ ಇಲಾಖೆ.

ಮನೆಯ ಅಡುಗೆ ಸಿಲಿಂಡರ್ ಕೂಡ ಈ ಪರೀಕ್ಷೆಗೆ ಒಳಪಡುವ ವೆಸೆಲ್ಲೇ. ಹಿಡಿಕೆಯ ಪಟ್ಟಿಯ ಒಳಬದಿಯಲ್ಲಿ ಎ, ಬಿ, ಸಿ, ಡಿ ಎಂಬ ಅಕ್ಷರ ಮತ್ತು ಎರಡು ಅಂಕಿ ಇರುತ್ತವೆ. ಎ ಅಂದರೆ ಜನವರಿಯಿಂದ ಮಾರ್ಚ್, ಡಿ ಅಂದರೆ ಅಕ್ಟೋಬರಿನಿಂದ ಡಿಸೆಂಬರ್. ಅಂಕಿ ಮುಂದಿನ ಪರೀಕ್ಷೆಯ ವರ್ಷ. ಸಿಎನ್‌ಜಿ ಆಟೋ, ಕಾರುಗಳ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಕಡ್ಡಾಯ.

ಒತ್ತಡ ಇಳಿದ ಮೇಲಿನ ಕೆಲಸ

ಸ್ಟೇನ್‌ಲೆಸ್ ಸ್ಟೀಲ್ ವೆಸೆಲ್ಲಿನಲ್ಲಿ ಪರೀಕ್ಷೆಯ ನೀರನ್ನು ಉಳಿಯಲು ಬಿಡಬಾರದು. ಕೊಳವೆಬಾವಿಯ ನೀರಿನ ಕ್ಲೋರೈಡ್ ಒಣಗುತ್ತ ಗಾಢವಾಗಿ ಲೋಹದಲ್ಲಿ ಬಿರುಕು ಹುಟ್ಟಿಸುತ್ತದೆ. ಕ್ಲೋರೈಡ್ ಕಡಿಮೆ ಇರುವ ನೀರು ಬಳಸಿ, ಬೇಗ ಬಸಿದು, ಒಣಗಾಳಿ ಹಾಯಿಸಬೇಕು.

ಪರೀಕ್ಷೆಗೆಂದು ಸೇಫ್ಟಿ ವಾಲ್ವನ್ನು ತೆಗೆದು ಅದರ ಜಾಗವನ್ನು ಮುಚ್ಚುವ ತಟ್ಟೆ, ಅಂದರೆ ಬ್ಲೈಂಡ್ ಹಾಕಿರುತ್ತಾರೆ, ಅಥವಾ ಅದು ತೆರೆದುಕೊಳ್ಳದಂತೆ ಮೇಲಿನಿಂದ ಗ್ಯಾಗ್ ಬಿಗಿದಿರುತ್ತಾರೆ. ಒತ್ತಡ ಇಳಿದ ಮೇಲೆ ಗ್ಯಾಗ್ ಮರೆತರೆ ಆ ಬಾಯ್ಲರ್ ತನ್ನ ಕೊನೆಯ ರಕ್ಷಣೆ ಇಲ್ಲದೆ ಉರಿಗೆ ಹೋಗುತ್ತದೆ. ಆದ್ದರಿಂದ ಹಾಕಿದ ಪ್ರತಿ ಬ್ಲೈಂಡಿಗೂ ಪ್ರತಿ ಗ್ಯಾಗಿಗೂ ನಂಬರಿನ ಟ್ಯಾಗ್ ಕಟ್ಟಿ ಪಟ್ಟಿ ಮಾಡುತ್ತಾರೆ. ತೆಗೆದವು ಮೇಜಿನ ಮೇಲೆ ಬಂದಾಗ ಹಾಕಿದವರಲ್ಲದ ಇನ್ನೊಬ್ಬರು ಎಣಿಸುತ್ತಾರೆ. ಎಣಿಕೆ ಪಟ್ಟಿಗೆ ಹೊಂದಿದ ಮೇಲಷ್ಟೇ ಪರ್ಮಿಟ್ ಮುಚ್ಚಬೇಕು.